ಅಭಿಧಮನಿಯ ಅನ್ನಪಾನ

ಉತ್ತರ ಕರ್ನಾಟಕದ ಯಾವುದಾದರೊಂದು ತಾಲ್ಲೂಕು ಊರಿನ ಖಾಸಗಿ ದವಾಖಾನೆಯಲ್ಲಿ ಸಂಜೆಯ ಹೊತ್ತು ಕುಳಿತು ನೋಡಿದವರಿಗೆ ಬಹುಬೇಗ ಗೋಚರವಾಗುವ ಸಂಗತಿಯೆಂದರೆ, ಜ್ವರದಿಂದಲೋ ಹೊಲದ ದುಡಿಮೆಯಿಂದಲೋ ಸೊರಗಿ ಬಂದ ರೋಗಿಯು, ವೈದ್ಯನು ತನ್ನ ನಾಡಿಯನ್ನು ಹಿಡಿದು ನೋಡುವುದಕ್ಕೂ ಮೊದಲೇ, "ಭಾಳ ಸುಸ್ತಾಗೈತ್ರಿ ಸಾಹೇಬ್ರ, ಒಂದ್ ಗ್ಲೂಕೋಸ್ ಹಾಕಿಬಿಡ್ರಿ" ಎಂದು ತನ್ನ ಚಿಕಿತ್ಸೆಯನ್ನು ತಾನೇ ನಿರ್ಣಯಿಸಿಕೊಂಡಿರುತ್ತಾನೆ ಎಂಬುದು. ಮಾತ್ರೆಯನ್ನು ಮಾತ್ರ ಬರೆದುಕೊಟ್ಟು ಕಳುಹಿಸಿದ ವೈದ್ಯನ ವಿಷಯದಲ್ಲಿ ಊರಿಗೆ ಅಷ್ಟೇನೂ ಗೌರವವಿರದು. ಸೂಜಿ ಚುಚ್ಚಿದವನು ಅವನಿಗಿಂತ ಮೇಲು. ಬಾಟಲಿಯನ್ನು ತೂಗುಹಾಕಿ ಹನಿಹನಿಯಾಗಿ ಇಳಿಸಿದವನು ಎಲ್ಲರಿಗಿಂತ ಮೇಲು. ಬಾಟಲಿಯೊಳಗಿನ ದ್ರವವು ಹಳದಿಯಾಗಿದ್ದರಂತೂ, ಅದು ಬಿಳಿಯದಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದೆಂಬ ನಂಬಿಕೆ ರೋಗಿಗೂ ಅವನ ಪಕ್ಕದಲ್ಲಿ ಕುಳಿತ ಬಂಧುವಿಗೂ ಸಮಾನವಾಗಿರುತ್ತದೆ. ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನನ್ನು ಬೆರೆಸಿದಾಗ ಅದರೊಳಗಿನ ರೈಬೊಫ್ಲೇವಿನ್ ಎಂಬ ಜೀವಸತ್ವವು ಕೊಡುವ ಬಣ್ಣ ಅದು. ಮರುದಿನದ ಮೂತ್ರದಲ್ಲಿ ಕಾಣಿಸಿಕೊಳ್ಳುವುದೂ ಅದೇ ಬಣ್ಣವೇ.

ಈಗ ಇದೇ ಬಾಟಲಿಯು ಬೆಂಗಳೂರಿನ ಸಿರಿವಂತ ಬಡಾವಣೆಗಳಲ್ಲಿ ಹೊಸ ವೇಷವನ್ನು ಧರಿಸಿ ನಿಂತಿದೆ. ಅಲ್ಲಿ ಕಬ್ಬಿಣದ ಮಂಚಕ್ಕೆ ಬದಲಾಗಿ ಒರಗುವ ಮೆತ್ತನೆಯ ಕುರ್ಚಿ, ಫಿನಾಯಿಲ್ ವಾಸನೆಗೆ ಬದಲಾಗಿ ಸುಗಂಧ, ಔಷಧಚೀಟಿಗೆ ಬದಲಾಗಿ ಹೋಟೆಲಿನ ತಿಂಡಿಪಟ್ಟಿಯಂಥ ಒಂದು ಹಾಳೆ. ಆ ಹಾಳೆಯಲ್ಲಿ ಎನರ್ಜಿ, ಇಮ್ಯುನಿಟಿ, ಗ್ಲೋ ಎಂಬ ಹೆಸರುಗಳ ಮುಂದೆ ಸಾವಿರಾರು ರೂಪಾಯಿಗಳ ಬೆಲೆ. 'ವೈದ್ಯರ ಮೇಲ್ವಿಚಾರಣೆಯಲ್ಲಿ' ಎಂಬ ಒಕ್ಕಣೆಯು ಎಲ್ಲ ಜಾಹೀರಾತುಗಳಲ್ಲಿಯೂ ತಪ್ಪದೆ ಇರುತ್ತದೆ. ಹಳ್ಳಿಯ ರೈತನ ಬಯಕೆಯನ್ನು ಅಜ್ಞಾನವೆಂದು ಕರೆದು, ನಗರದ ವಿದ್ಯಾವಂತನ ಬಯಕೆಯನ್ನು ಆರೋಗ್ಯಪ್ರಜ್ಞೆಯೆಂದು ಕರೆಯುವ ಪಕ್ಷಪಾತ ನಮ್ಮಲ್ಲಿ ಬೆಳೆಯುತ್ತಿರುವುದರಿಂದ, ಇಬ್ಬರೂ ಬಯಸುತ್ತಿರುವ ಆ ದ್ರವವು ಎಂಥದು, ಅದು ಎಲ್ಲಿಂದ ಬಂದಿತು, ಯಾರಿಗೆ ಸಲ್ಲುತ್ತದೆ ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ಮೊದಲು ಲೆಕ್ಕ. ರೋಗಿಗಳು ಗ್ಲೂಕೋಸ್ ಎಂದು ಕರೆಯುವ ದ್ರವವು ಸಾಮಾನ್ಯವಾಗಿ ಶೇಕಡ 5ರ ಡೆಕ್ಸ್‌ಟ್ರೋಸ್. ಅರ್ಧ ಲೀಟರಿನ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ, ಅಂದರೆ ನೂರು ಕ್ಯಾಲೊರಿಯನ್ನೂ ಮುಟ್ಟದ ಶಕ್ತಿ. ಮನೆಯಲ್ಲಿ ಅತಿಥಿಗೆ ಕೊಡುವ ಒಂದು ಲೋಟ ಬೆಲ್ಲದ ಪಾನಕದಲ್ಲಿ ಇದಕ್ಕಿಂತ ಕಡಮೆಯೇನೂ ಇರುವುದಿಲ್ಲ. ನಾರ್ಮಲ್ ಸಲೈನ್ ಎಂಬುದರ ಅರ್ಧ ಲೀಟರಿನಲ್ಲಿರುವುದು ನಾಲ್ಕೂವರೆ ಗ್ರಾಂ ಉಪ್ಪು. ಹೀಗಿದ್ದೂ ಬಾಟಲಿ ಇಳಿದ ಮೇಲೆ ರೋಗಿಯು ಲವಲವಿಕೆಯಿಂದ ಎದ್ದುಹೋಗುವುದು ಸುಳ್ಳಲ್ಲ. ವಾಂತಿಭೇದಿಯಿಂದ ನಿಜವಾಗಿಯೂ ನೀರು ಬತ್ತಿದ್ದವನಿಗೆ ಆ ದ್ರವವೇ ಜೀವದಾನವಾಗಿದ್ದಿರಬಹುದು. ಉಳಿದವರ ವಿಷಯದಲ್ಲಿ, ಜೊತೆಗೆ ಕೊಟ್ಟ ಜ್ವರದ ಔಷಧ, ಎರಡು ಗಂಟೆಗಳ ನಿಶ್ಚಲವಾದ ಶಯನ, ಸಿಸ್ಟರ್ ಆಗಾಗ ಬಂದು ಕೈಮುಟ್ಟಿ ನೋಡಿದ ಸಮಾಧಾನ, ತನಗೋಸ್ಕರ ಏನೋ ಒಂದು ದೊಡ್ಡದು ನಡೆಯಿತೆಂಬ ಭಾವನೆ, ಇವೆಲ್ಲ ಸೇರಿ ಮಾಡಿದ ಕೆಲಸದ ಕೀರ್ತಿಯು ಬಾಟಲಿಯೊಂದಕ್ಕೇ ಸಲ್ಲುತ್ತದೆ. ದುಡಿದು ದಣಿದ ಕೂಲಿಯವನಿಗೆ ಹಗಲು ಹೊತ್ತಿನಲ್ಲಿ ಮಲಗಲು ಸಿಗುವ ಸಮ್ಮತವಾದ ಸ್ಥಳ ಅದೊಂದೇ ಆಗಿದ್ದರೆ, ಅವನು ಅದನ್ನು ಕೇಳಿದ್ದಕ್ಕಾಗಿ ಅವನನ್ನು ಹಾಸ್ಯಮಾಡಲು ನನಗಂತೂ ಮನಸ್ಸಿಲ್ಲ.

ಈ ಚಿಕಿತ್ಸೆಯ ಜನನವಾದದ್ದು ಕಾಲರಾದ ಭೀತಿಯಲ್ಲಿ. ಬಂಗಾಳದ ನದೀಮುಖಜ ಭೂಮಿಯಿಂದ 1817ರಲ್ಲಿ ಹೊರಟ ಆ ಮಾರಿಯು ಅಲೆಅಲೆಯಾಗಿ ಪಶ್ಚಿಮಕ್ಕೆ ಸಾಗಿ 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರನ್ನು ಮುಟ್ಟಿದಾಗ, ಅಲ್ಲಿನ ವೈದ್ಯರು ಬತ್ತಿ ನೀಲಿಯಾಗಿ ಬಿದ್ದಿದ್ದ ರೋಗಿಗಳಿಂದ ಇನ್ನಷ್ಟು ರಕ್ತವನ್ನು ಹೊರಕ್ಕೆ ಬಿಡುತ್ತಿದ್ದರು. ಅಂದಿನ ಶಾಸ್ತ್ರ ಹಾಗಿತ್ತು. ವಿಲಿಯಂ ಬ್ರೂಕ್ ಓಶಾನೆಸಿ ಎಂಬ, ಇಪ್ಪತ್ತೆರಡರ ಆಸುಪಾಸಿನ ಐರಿಷ್ ತರುಣನು ಆ ರಕ್ತವನ್ನು ಪರೀಕ್ಷಿಸಿ ನೋಡಿ, ಅದರಲ್ಲಿ ನೀರೂ ಲವಣಗಳೂ ಬಹುವಾಗಿ ಕುಗ್ಗಿಹೋಗಿವೆಯೆಂದೂ, ಮಲದಲ್ಲಿ ಕಾಣಿಸಿಕೊಳ್ಳುತ್ತಿರುವುದು ಅವುಗಳೇ ಎಂದೂ ತೋರಿಸಿದನು. ಕಳೆದುದನ್ನು ಅಭಿಧಮನಿಯ ಮೂಲಕ ಹಿಂದಕ್ಕೆ ಕೊಡಬಹುದೆಂಬ ಸೂಚನೆ ಅವನದು. ಅದನ್ನು ಕೃತಿಗಿಳಿಸಿದವನು ಸ್ಕಾಟ್‌ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ ಎಂಬ ವೈದ್ಯನು. 1832ರಲ್ಲಿ ಅವನ ಮೊದಲ ರೋಗಿಯಾದವಳು ಎಲ್ಲ ಚಿಕಿತ್ಸೆಗಳೂ ಮುಗಿದು ಕೈಬಿಟ್ಟಿದ್ದ ಒಬ್ಬ ಮುದುಕಿ. ಬೆಳ್ಳಿಯ ಕೊಳವೆಯ ಮೂಲಕ ಅವಳ ತೋಳಿನ ಅಭಿಧಮನಿಯೊಳಕ್ಕೆ ಉಪ್ಪುನೀರನ್ನು ಔನ್ಸು ಔನ್ಸಾಗಿ ಬಿಡುತ್ತ ಹೋದಂತೆ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಮ್ಮೆಗೇ ಅವಳ ಉಸಿರು ದೀರ್ಘವಾಯಿತು, ಇಂಗಿದ್ದ ಕಣ್ಣುಗಳಲ್ಲಿ ಕಾಂತಿ ಬಂದಿತು, ನಾಡಿ ಮರಳಿತು, ಆರು ಪೈಂಟ್ ದ್ರವ ಹೋಗುವಷ್ಟರಲ್ಲಿ ಅವಳು ಗಟ್ಟಿಯಾದ ದನಿಯಲ್ಲಿ ತನಗೀಗ ಯಾವ ಬಾಧೆಯೂ ಇಲ್ಲವೆಂದು ಹೇಳುವಂತಾದಳು. ಲಟ್ಟಾ ಅವಳನ್ನು ಆಸ್ಪತ್ರೆಯ ಶಸ್ತ್ರವೈದ್ಯನಿಗೆ ಒಪ್ಪಿಸಿ ವಿಶ್ರಾಂತಿಗಾಗಿ ಹೊರಟುಹೋದನು. ವಾಂತಿಭೇದಿ ಮರುಕಳಿಸಿತು, ಮತ್ತೆ ದ್ರವ ಕೊಡುವವರಿಲ್ಲದೆ ಐದೂವರೆ ಗಂಟೆಗಳಲ್ಲಿ ಅವಳು ಸತ್ತಳು. ದ್ರವವನ್ನು ಕೊಟ್ಟರಷ್ಟೇ ಸಾಲದು, ಕೊಟ್ಟ ಮೇಲೆ ಪಕ್ಕದಲ್ಲಿದ್ದು ನೋಡಬೇಕೆಂಬ ವಿಚಾರವು ಈ ಚಿಕಿತ್ಸೆಯ ಮೊದಲ ದಿನದಲ್ಲಿಯೇ ಸಿದ್ಧವಾಯಿತೆನ್ನಬೇಕು.

ಲಟ್ಟಾ ಮರುವರ್ಷವೇ ತೀರಿಕೊಂಡನು. ಓಶಾನೆಸಿಯು, ಕಾಲರಾ ಬಂದ ಹಾದಿಯಲ್ಲಿಯೇ ಹಿಂದಿರುಗಿದನೋ ಎಂಬಂತೆ, ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದು, ಕೊನೆಗೆ ಭಾರತದಲ್ಲಿ ತಂತಿಯಂಚೆಯನ್ನು ಸ್ಥಾಪಿಸಿದವನೆಂದು ಖ್ಯಾತನಾದನು. ಅವರ ಚಿಕಿತ್ಸೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಮೂಲೆಗೆ ಬಿದ್ದಿತು. ಕ್ರಿಮಿಶುದ್ಧಿಯ ಕಲ್ಪನೆಯಿಲ್ಲದ ಕಾಲದಲ್ಲಿ, ಪ್ರಮಾಣವರಿಯದೆ ಕಲಸಿದ ಉಪ್ಪುನೀರನ್ನು, ಸಾಯುವ ಹಂತ ಮುಟ್ಟಿದವರಿಗೆ ಮಾತ್ರ ಕೊಡುತ್ತಿದ್ದುದರಿಂದ ಅದಕ್ಕೆ ಒಳ್ಳೆಯ ಹೆಸರು ಬರುವ ಸಂಭವವೇ ಇರಲಿಲ್ಲ. ಬರಿಯ ನೀರನ್ನು ಅಭಿಧಮನಿಗೆ ಬಿಟ್ಟರೆ ರಕ್ತಕಣಗಳು ಅದನ್ನು ಹೀರಿ ಉಬ್ಬಿ ಒಡೆಯುತ್ತವೆ. ಲವಣವು ಮಿತಿಮೀರಿದರೆ ಸುಕ್ಕುಗಟ್ಟುತ್ತವೆ. ಈ ಎರಡರ ನಡುವಣ ಸಮಸ್ಥಿತಿ ಶೇಕಡ 0.9 ಎಂಬುದು ಡಚ್ ವಿಜ್ಞಾನಿ ಹಾಂಬರ್ಗರನಂಥವರ ಪರಿಶ್ರಮದಿಂದ ನಿರ್ಣಯವಾಯಿತು. ಲಂಡನ್ನಿನ ಸಿಡ್ನಿ ರಿಂಗರನು ಕಪ್ಪೆಯ ಹೃದಯವನ್ನು ಲವಣದ್ರವದಲ್ಲಿಟ್ಟು ಬಡಿಯಿಸುತ್ತಿದ್ದಾಗ, ಬಟ್ಟಿಯಿಳಿಸಿದ ನೀರಿನಲ್ಲಿ ಅದು ಬೇಗ ನಿಂತುಹೋಗುವುದನ್ನೂ ನಲ್ಲಿಯ ನೀರಿನಲ್ಲಿ ಬಡಿಯುತ್ತಲೇ ಇರುವುದನ್ನೂ ಕಂಡು, ನಲ್ಲಿನೀರಿನ ಸುಣ್ಣದಂಶವೇ ಅದಕ್ಕೆ ಕಾರಣವೆಂದು ಅರಿತದ್ದು 1880ರ ದಶಕದಲ್ಲಿ. ಅವನ ದ್ರವಕ್ಕೆ ಅಮೆರಿಕದ ಮಕ್ಕಳ ವೈದ್ಯ ಹಾರ್ಟ್‌ಮನ್ 1930ರ ದಶಕದಲ್ಲಿ ಲ್ಯಾಕ್ಟೇಟನ್ನು ಸೇರಿಸಿದನು. ನಮ್ಮ ವಾರ್ಡುಗಳಲ್ಲಿ 'ಆರ್.ಎಲ್.' ಎಂದು ಕೂಗಿ ಕರೆಯುವುದು ಇದನ್ನೇ. ಕುದಿಸಿ ಶುದ್ಧಿಮಾಡಿದ ನೀರಿನಿಂದಲೂ ರೋಗಿಗೆ ಚಳಿಜ್ವರ ಬರುವುದೇಕೆಂಬ ಒಗಟನ್ನು ಬಿಡಿಸಿದವಳು ಫ್ಲಾರೆನ್ಸ್ ಸೀಬರ್ಟ್. ಬ್ಯಾಕ್ಟೀರಿಯಗಳು ಸತ್ತರೂ ಅವುಗಳ ವಿಷಾಂಶವು ನೀರಿನಲ್ಲಿ ಉಳಿದಿರುತ್ತದೆಂದು 1923ರಲ್ಲಿ ಅವಳು ತೋರಿಸಿಕೊಟ್ಟ ಮೇಲೆಯೇ ಬಾಟಲಿಯು ನಂಬತಕ್ಕ ವಸ್ತುವಾದದ್ದು.

ಇಷ್ಟೆಲ್ಲ ಆದ ಮೇಲೆ, ಅಭಿಧಮನಿಯ ಮಾರ್ಗವನ್ನು ತೆರೆಯಿಸಿದ ಕಾಲರಾ ರೋಗವೇ ಅದರ ಮಿತಿಯನ್ನೂ ಕಲಿಸಿದ್ದು ಒಂದು ವಿಚಿತ್ರ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಲಕ್ಷ ನಿರಾಶ್ರಿತರು ಗಡಿಯನ್ನು ದಾಟಿ ಬಂದಾಗ, ಬನಗಾಂವ್ ಆಸ್ಪತ್ರೆಯ ನೆಲದ ಮೇಲೆ ವಾಂತಿಭೇದಿಯ ನಡುವೆ ಸಾಲಾಗಿ ಮಲಗಿದ್ದ ರೋಗಿಗಳಿಗೆ ಸಾಕಾಗುವಷ್ಟು ಸಲೈನ್ ಬಾಟಲಿಗಳು ದೊರೆಯದಂತಾದುವು. ದಿಲೀಪ್ ಮಹಾಲನಬಿಸ್ ಎಂಬ ಮಕ್ಕಳ ವೈದ್ಯರು ಕಲ್ಕತ್ತೆಯಲ್ಲಿ ಉಪ್ಪು, ಸೋಡಾ, ಗ್ಲೂಕೋಸುಗಳನ್ನು ತೂಗಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಬಂಧುಗಳ ಕೈಗೇ ಲೋಟವನ್ನು ಕೊಟ್ಟು ಕುಡಿಯಿಸುವಂತೆ ಹೇಳಿದರು. ಶೇಕಡ 30ರಷ್ಟಿದ್ದ ಮರಣವು ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು. ಇದು ಕೇವಲ ಧೈರ್ಯದ ಫಲವಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಮ್ಮೂ ಗ್ಲೂಕೋಸೂ ಜೊತೆಗೂಡಿಯೇ ಒಳಕ್ಕೆ ಬರುತ್ತವೆಂದೂ, ಅವುಗಳನ್ನು ನೀರು ಹಿಂಬಾಲಿಸುತ್ತದೆಂದೂ, ಕಾಲರಾದಿಂದಲೂ ಆ ಬಾಗಿಲು ಮುಚ್ಚುವುದಿಲ್ಲವೆಂದೂ 1960ರ ದಶಕದ ಸಂಶೋಧನೆಗಳು ತಿಳಿಸಿದ್ದುವು. ಈಗ ಅಂಗನವಾಡಿಯಲ್ಲಿಯೂ ಸಿಗುವ ಓ.ಆರ್.ಎಸ್. ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳಿವೆ. ಮಹಾಲನಬಿಸರಿಗೆ ಪದ್ಮವಿಭೂಷಣವು ಬಂದದ್ದು 2023ರಲ್ಲಿ, ಅವರು ತೀರಿಹೋದ ಮೇಲೆ; ನಮ್ಮ ದೇಶವು ಬಾಟಲಿಯನ್ನು ಗೌರವಿಸಿದಷ್ಟು ಬೇಗ ಲೋಟವನ್ನು ಗೌರವಿಸಲಿಲ್ಲ.

ಹಾಗಾದರೆ ಬಾಯಿಯನ್ನು ಬಿಟ್ಟು ಅಭಿಧಮನಿಗೇ ಕೊಡಬೇಕಾದ ಸಂದರ್ಭಗಳು ಯಾವುವು? ಪ್ರಜ್ಞೆ ತಪ್ಪಿದವನು, ಏನನ್ನು ಕುಡಿದರೂ ವಾಂತಿಯಾಗುವ ಗರ್ಭಿಣಿ, ನಾಡಿ ಸಿಗದಷ್ಟು ನೀರು ಬತ್ತಿದ ಮಗು, ಕರುಳಿನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ಕಳೆದುಕೊಂಡವನು, ಇವರ ವಿಷಯದಲ್ಲಿ ವಾದವೇ ಇಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಅವನ ಸಂಗಡಿಗರು, ಕರುಳೇ ಇಲ್ಲವೆನ್ನಬಹುದಾದ ಒಂದು ಶಿಶುವನ್ನು ಎದೆಯ ದೊಡ್ಡ ಅಭಿಧಮನಿಯ ಮೂಲಕವೇ ಪೋಷಿಸಿ ಬೆಳೆಯಿಸಿದ ವೃತ್ತಾಂತವನ್ನು 1968ರಲ್ಲಿ ಪ್ರಕಟಿಸಿದಾಗ, ಅನ್ನವನ್ನೂ ಆ ಮಾರ್ಗದಲ್ಲಿ ನೀಡಬಹುದೆಂಬುದು ಸ್ಥಿರಪಟ್ಟಿತು. ಜೀವಸತ್ವಗಳಲ್ಲಿಯೂ ಅಂಥ ನಿಜವಾದ ತುರ್ತುಗಳುಂಟು. ಬಹುಕಾಲದ ಕುಡಿತದಿಂದ ಥಯಮಿನ್ ಬರಿದಾಗಿ, ಕಣ್ಣುಗುಡ್ಡೆ ನೆಟ್ಟಗೆ ಚಲಿಸದೆ, ನಡಿಗೆ ತಪ್ಪಿ, ಬುದ್ಧಿ ಮಂಕಾದವನಿಗೆ ಅದನ್ನು ಕೂಡಲೇ ಅಭಿಧಮನಿಗೆ ಕೊಡದಿದ್ದರೆ ಮಿದುಳಿಗೆ ಶಾಶ್ವತವಾದ ಹಾನಿಯಾಗಬಹುದು. ಅಂಥವನಿಗೆ ಥಯಮಿನ್ ಇಲ್ಲದೆ ಬರಿಯ ಗ್ಲೂಕೋಸನ್ನು ಏರಿಸಿದರೆ, ಇದ್ದಬದ್ದ ಥಯಮಿನ್ನೂ ಆ ಸಕ್ಕರೆಯನ್ನು ದಹಿಸುವುದರಲ್ಲಿ ವ್ಯಯವಾಗಿ ಅವಸ್ಥೆ ಬಿಗಡಾಯಿಸುವ ಭಯವಿರುವುದರಿಂದ, 'ಒಂದು ಗ್ಲೂಕೋಸ್' ಎಂಬುದು ಯಾವಾಗಲೂ ನಿರುಪದ್ರವಿಯೆಂದು ಭಾವಿಸಕೂಡದು.

ಉಳಿದವರಲ್ಲಿ, ಅಂದರೆ ಉಂಡದ್ದು ಅರಗುವ ನಮ್ಮ ನಿಮ್ಮಂಥವರಲ್ಲಿ, ಕರುಳು ಸುಮ್ಮನೆ ಇರುವ ಕೊಳವೆಯಲ್ಲ. ಅಂಗಡಿಯವನು ಕಳುಹಿಸಿದ್ದನ್ನೆಲ್ಲ ಒಳಗೆ ತುಂಬಿಕೊಳ್ಳದೆ, ಸೇರಿನಿಂದ ಅಳೆದು ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಹೊಸಲಿನಿಂದಲೇ ಹಿಂದಕ್ಕೆ ಕಳುಹಿಸುವ ಮನೆಯೊಡತಿಯಂತೆ ಅದು ವ್ಯವಹರಿಸುತ್ತದೆ. ಸಿ ಜೀವಸತ್ವವನ್ನೇ ನೋಡೋಣ. 200 ಮಿಲಿಗ್ರಾಂ ನುಂಗಿದರೆ ಬಹುತೇಕ ಪೂರ್ತಿಯಾಗಿ ಒಳಕ್ಕೆ ಹೋಗುತ್ತದೆ. ಗ್ರಾಂಗಟ್ಟಲೆ ನುಂಗಿದರೆ ಅರ್ಧಕ್ಕಿಂತಲೂ ಕಡಮೆ. ಭಾರತೀಯ ಪುರುಷನಿಗೆ ದಿನಕ್ಕೆ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯು ಹೇಳಿರುವುದು 80 ಮಿಲಿಗ್ರಾಂ. ಒಂದು ಸೀಬೆಹಣ್ಣಿನಲ್ಲಿ ಅದು ದೊರೆತು ಮಿಗುತ್ತದೆ. ಬಾಟಲಿಯಲ್ಲಿ 10 ಗ್ರಾಂ ಏರಿಸಿಕೊಂಡವನು ನಾಲ್ಕು ತಿಂಗಳಿಗೂ ಹೆಚ್ಚಿನ ಪಡಿಯನ್ನು ಒಂದೇ ಮಧ್ಯಾಹ್ನ ಒಳಕ್ಕೆ ತೆಗೆದುಕೊಳ್ಳುತ್ತಾನೆ, ನಿಜ; ಆದರೆ ಅದನ್ನು ಕೂಡಿಡುವ ಕಣಜ ದೇಹದಲ್ಲಿಲ್ಲವಾದುದರಿಂದ, ಮೂತ್ರಪಿಂಡಗಳು ಕೆಲವೇ ಗಂಟೆಗಳಲ್ಲಿ ಅದರ ಬಹುಭಾಗವನ್ನು ಹೊರಹಾಕಿಬಿಡುತ್ತವೆ. ಹೊರಹಾಕುವಾಗ ಒಂದಂಶವು ಆಕ್ಸಲೇಟಾಗಿ ಮಾರ್ಪಟ್ಟು, ಮೊದಲೇ ದುರ್ಬಲವಾಗಿದ್ದ ಮೂತ್ರಪಿಂಡದಲ್ಲಿ ಹರಳುಗಟ್ಟಿ ಅದನ್ನು ಕೆಡಿಸಿದ ಪ್ರಕರಣಗಳು ದಾಖಲಾಗಿವೆ. ನಮ್ಮ ದೇಶದ ಕೆಲವು ಸಮುದಾಯಗಳಲ್ಲಿ ಕಾಣಬರುವ ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯುಳ್ಳವರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತಕಣಗಳು ಒಡೆದು ಪ್ರಾಣಾಪಾಯವಾಗಬಹುದು. ಅದನ್ನು ಕಂಡುಹಿಡಿಯಲು ರಕ್ತಪರೀಕ್ಷೆಯಿದೆ, ಆದರೆ ಮಾಡಿಸಿದರೆ ತಾನೆ!

ಈ ಮಿಶ್ರಣಗಳಿಗೆಲ್ಲ ಮೂಲಪುರುಷನೆನ್ನಬಹುದಾದವನು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ ಮೈಯರ್ಸ್ ಎಂಬ ವೈದ್ಯನು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ಗುಂಪಿನ ಜೀವಸತ್ವಗಳು, ಸಿ ಜೀವಸತ್ವ ಇವುಗಳನ್ನು ಬೆರೆಸಿ ಅವನು ಬಗೆಬಗೆಯ ರೋಗಿಗಳಿಗೆ ಕೊಡುತ್ತಿದ್ದನು. 1984ರಲ್ಲಿ ಅವನು ತೀರಿಕೊಂಡ ಮೇಲೆ ಅವನ ರೋಗಿಗಳನ್ನು ನೋಡಿಕೊಂಡ ಆಲನ್ ಗೇಬಿ ಎಂಬ ವೈದ್ಯನು ಅದನ್ನು 'ಮೈಯರ್ಸ್ ಕಾಕ್‌ಟೇಲ್' ಎಂದು 2002ರ ಲೇಖನವೊಂದರಲ್ಲಿ ಪ್ರಸಿದ್ಧಿಪಡಿಸಿದನು. ಮೈಕೈ ನೋವಿನ ಫೈಬ್ರೊಮಯಾಲ್ಜಿಯ ರೋಗಿಗಳು 34 ಮಂದಿಯ ಮೇಲೆ ಅದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮಿಶ್ರಣವನ್ನು ಪಡೆದವರೂ ಅದಿಲ್ಲದ ಬರಿಯ ದ್ರವವನ್ನು ಪಡೆದವರೂ ಸುಧಾರಿಸಿದರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳಬಹುದಾದ ಭೇದ ಕಾಣಲಿಲ್ಲ. ತಾಲ್ಲೂಕು ದವಾಖಾನೆಯ ಮಂಚದ ಮೇಲೆ ಎರಡು ಗಂಟೆ ಮಲಗೆದ್ದವನ ಅನುಭವವೇ ಇಲ್ಲಿ ಅಂಕೆಗಳಲ್ಲಿ ಬಂದಂತಾಯಿತು. ರಕ್ತವೆಲ್ಲ ನಂಜಾಗಿ ತೀವ್ರನಿಗಾ ಘಟಕದಲ್ಲಿದ್ದ 872 ರೋಗಿಗಳ ಮೇಲೆ ಸಿ ಜೀವಸತ್ವವನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಫಲವು ಇನ್ನೂ ಕಠೋರ: ಸಾವು ಅಥವಾ ಅಂಗವೈಫಲ್ಯದ ಮುಂದುವರಿಕೆ, ಅದನ್ನು ಪಡೆದವರಲ್ಲಿ ಶೇಕಡ 44.5, ಪಡೆಯದವರಲ್ಲಿ 38.5. ಇಂಥ ಬಾಟಲಿಗಳು ಕ್ಯಾನ್ಸರಿಗೂ ಹೃದಯದ ಕಾಯಿಲೆಗೂ ಚಿಕಿತ್ಸೆಯಾಗುತ್ತವೆಂದು ಆಧಾರವಿಲ್ಲದೆ ಜಾಹೀರಾತು ಮಾಡಿದವರ ಮೇಲೆ ಅಮೆರಿಕದ ವ್ಯಾಪಾರ ಆಯೋಗವು 2018ರಲ್ಲಿ ಕ್ರಮ ಕೈಗೊಂಡಿತು. ಚರ್ಮವನ್ನು ಬೆಳ್ಳಗಾಗಿಸುವುದೆಂದು ಮಾರುವ ಗ್ಲುಟಾಥಯೋನಿನ ವಿಚಾರವನ್ನು ನಾನು ಹೆಚ್ಚಾಗಿ ಬರೆಯಲಾರೆ. ಕಪ್ಪು ಬಣ್ಣವು ರೋಗವಲ್ಲವಾದುದರಿಂದ ಅದು ವೈದ್ಯಕ್ಕೆ ಸೇರಿದ ವಿಷಯವೇ ಅಲ್ಲ.

ನೀರು ತಾನೆ, ಹೆಚ್ಚಾದರೆ ಮೂತ್ರವಾಗಿ ಹೋಗುತ್ತದೆ ಎನ್ನುವವರುಂಟು. ದುರ್ಬಲವಾದ ಹೃದಯವುಳ್ಳ ವೃದ್ಧನಿಗೆ ಒಂದು ಲೀಟರ್ ಸಲೈನನ್ನು ಆತುರದಿಂದ ಏರಿಸಿದರೆ, ಅದರ ಸುಮಾರು ಕಾಲುಭಾಗ ಮಾತ್ರ ರಕ್ತನಾಳಗಳಲ್ಲಿ ಉಳಿದು ಮಿಕ್ಕದ್ದೆಲ್ಲ ಅಂಗಾಂಶಗಳಿಗೆ ಸೋರುತ್ತದೆ. ಶ್ವಾಸಕೋಶಕ್ಕೆ ಸೋರಿದಾಗ ಉಸಿರು ಕಟ್ಟುತ್ತದೆ. ರಕ್ತನಾಳಗಳೇ ಸೋರುವ ಡೆಂಗಿಯಲ್ಲಿ ವೈದ್ಯರು ಗಂಟೆಗಂಟೆಗೂ ಲೆಕ್ಕಹಾಕಿ ದ್ರವವನ್ನು ಕೊಡುವುದು ಇದೇ ಕಾರಣದಿಂದ. ಕೀನ್ಯಾ, ಉಗಾಂಡ, ಟಾಂಜಾನಿಯಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ 3141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೇಗವಾಗಿ ದ್ರವವನ್ನು ಪಡೆದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಎರಡು ದಿನಗಳಲ್ಲಿ ಸತ್ತರೆ, ಹಾಗೆ ಪಡೆಯದ ಮಕ್ಕಳಲ್ಲಿ ಸತ್ತವರು ಏಳು ಚಿಲ್ಲರೆ. ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು. ದ್ರವದ ಶುದ್ಧಿಯ ಪ್ರಶ್ನೆಯಂತೂ ನಮ್ಮ ನಾಡಿಗೆ ಹಸಿಯ ಗಾಯ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಮೂತ್ರಪಿಂಡ ಮುಂತಾದ ಅಂಗಗಳು ವಿಫಲವಾಗಿ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಸಂಶಯವು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಬಿದ್ದು, ಸರಬರಾಜು ಮಾಡಿದ ಕಂಪನಿಯನ್ನು ರಾಜ್ಯ ಸರ್ಕಾರವು ಕಪ್ಪುಪಟ್ಟಿಗೆ ಸೇರಿಸಿತು. ಬಾಯಿಂದ ಹೋದ ಕೆಟ್ಟ ಆಹಾರವನ್ನು ವಾಂತಿಯಾಗಿ ಹೊರಹಾಕುವ ಉಪಾಯವು ದೇಹಕ್ಕುಂಟು. ಅಭಿಧಮನಿಯಲ್ಲಿ ಹೋದದ್ದಕ್ಕೆ ಅಂಥ ಉಪಾಯವಿಲ್ಲ.

ಆದುದರಿಂದ ಮೇಲ್ವಿಚಾರಣೆ ಎಂದರೆ ಬಿಳಿಯ ಕೋಟನ್ನು ತೊಟ್ಟ ಒಬ್ಬರು ಕಟ್ಟಡದಲ್ಲೆಲ್ಲೋ ಇರುವುದೆಂದು ತಿಳಿಯತಕ್ಕದ್ದಲ್ಲ. ಅದರ ನಿಜರೂಪವನ್ನು ಕಾಣಬೇಕಾದವರು ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋಗಬೇಕು. ಅಲ್ಲಿ ರಕ್ತಹೀನತೆಯುಳ್ಳ ಬಸುರಿಯರಿಗೆ ಐರನ್ ಸುಕ್ರೋಸ್ ಎಂಬ ಕಬ್ಬಿಣದಂಶವನ್ನು ಬಾಟಲಿಯ ಮೂಲಕ ಕೊಡುತ್ತಾರೆ. ಪೋಷಕಾಂಶವನ್ನು ಅಭಿಧಮನಿಗೆ ಕೊಡುವ ಚಿಕಿತ್ಸೆಯೆಂಬ ಹೆಸರು ಇದಕ್ಕೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲದು, ಆದರೆ ಇದಕ್ಕೆ ಜಾಹೀರಾತಿಲ್ಲ. ಮೊದಲು ಹಿಮೋಗ್ಲೋಬಿನ್ ಎಷ್ಟೆಂದು ನೋಡಬೇಕು. ಮಾತ್ರೆ ಒಗ್ಗುತ್ತಿಲ್ಲವೆಂದೋ, ದಿನ ಹತ್ತಿರವಾಗಿ ಮಾತ್ರೆಯಿಂದ ತುಂಬಿಬರುವಷ್ಟು ಕಾಲವಿಲ್ಲವೆಂದೋ ಖಚಿತವಾಗಬೇಕು. ಮೊದಲ ಮೂರು ತಿಂಗಳು ಕೊಡುವಂತಿಲ್ಲ. ಆಮೇಲೆ ಲೆಕ್ಕ: ತೂಕ 50 ಕಿಲೋ, ಹಿಮೋಗ್ಲೋಬಿನ್ ಏಳೂವರೆ, ಮುಟ್ಟಬೇಕಾದದ್ದು ಹನ್ನೊಂದು ಎಂದಾದರೆ, ಕೊರತೆಯ ಮೂರೂವರೆಯನ್ನು ತೂಕದಿಂದಲೂ 2.4ರಿಂದಲೂ ಗುಣಿಸಿ, ದೇಹದ ದಾಸ್ತಾನಿಗೆಂದು 500ನ್ನು ಕೂಡಿಸಿದರೆ ಒಟ್ಟು 920 ಮಿಲಿಗ್ರಾಂ. ಅದನ್ನೂ ಒಮ್ಮೆಗೇ ಕೊಡುವುದಿಲ್ಲ. ಒಂದು ಸಲಕ್ಕೆ 200 ಮಿಲಿಗ್ರಾಂ, 100 ಮಿಲಿಲೀಟರ್ ಸಲೈನಿನಲ್ಲಿ, ಕಾಲು ಗಂಟೆಗೆ ಕಡಮೆಯಿಲ್ಲದಂತೆ, ದಿನ ಬಿಟ್ಟು ದಿನ. ಮೈ ತುರಿಸಿದರೆ, ಎದೆ ಬಿಗಿದರೆ ತಕ್ಷಣ ನಿಲ್ಲಿಸಲು ಸಿಸ್ಟರ್ ಪಕ್ಕದಲ್ಲಿಯೇ ಇರುತ್ತಾಳೆ, ಅಡ್ರಿನಲಿನ್ ತಟ್ಟೆಯಲ್ಲಿ ಸಿದ್ಧವಾಗಿರುತ್ತದೆ. ಬಾಟಲಿ ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿ, ರಕ್ತದೊತ್ತಡವನ್ನು ಮತ್ತೊಮ್ಮೆ ನೋಡಿ, ತಾಯಿ ಕಾರ್ಡಿನಲ್ಲಿ ಬರೆದು, ಮುಂದಿನ ಸಲ ಯಾವ ದಿನ ಬರಬೇಕೆಂದು ಹೇಳಿ ಕಳುಹಿಸುತ್ತಾರೆ. ಕೆಲವು ವಾರಗಳ ನಂತರ ಮತ್ತೆ ಹಿಮೋಗ್ಲೋಬಿನ್ ನೋಡುತ್ತಾರೆ. ಏರಿದ್ದರೆ ಬಾಟಲಿಯ ಕೆಲಸ ಅಲ್ಲಿಗೆ ಮುಗಿಯಿತು.